ಓವರ್‌ಫ್ಲೋ ಬಾಕ್ಸ್ ಕೊಳ್ಳುವ ಮುನ್ನ ಕರೆಂಟ್ ಹೋದಾಗಿನ ಲೆಕ್ಕ ಹಾಕಿ

ಉಪ್ಪುನೀರಿನ ಅಕ್ವೇರಿಯಂ ಇಡಲು ಹೊರಟವರು ದೀಪ, ಹವಳ, ಮೀನುಗಳ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಟ್ಯಾಂಕಿನ ಮೇಲ್ಪದರದ ನೀರನ್ನು ಕೆಳಗಿನ ಸಂಪಿಗೆ, ಅಂದರೆ ನೀರನ್ನು ಮತ್ತೆ ಮೇಲೆತ್ತುವ ಪಂಪ್ ಇರುವ ಎರಡನೇ ತೊಟ್ಟಿಗೆ, ಇಳಿಸುವ ಓವರ್‌ಫ್ಲೋ ಬಾಕ್ಸನ್ನು ಮಾತ್ರ, ಡಬ್ಬಿಯ ಮೇಲೆ ‘ಗಂಟೆಗೆ ಇಷ್ಟು ಲೀಟರ್’ ಎಂದು ಬರೆದಿರುವುದನ್ನು ನೋಡಿಯೇ ಕೊಂಡು ತರುತ್ತಾರೆ. ಆ ಅಂಕಿ ಎಲ್ಲವೂ ಸರಿಯಿದ್ದಾಗಿನದು. ಮನೆಯ ನೆಲ ಒದ್ದೆಯಾಗುವುದು ಕರೆಂಟ್ ಹೋದಾಗ, ಅದು ಮರಳಿ ಬಂದಾಗ, ಇಲ್ಲವೇ ಪೈಪಿನೊಳಗೆ ಬಸವನಹುಳು ಸಿಕ್ಕಿಕೊಂಡಾಗ. ಬಾಕ್ಸನ್ನು ಆ ಹೊತ್ತಿಗೆ ತಕ್ಕಂತೆ ಆರಿಸಬೇಕು.

ಮೊದಲು ಬಾಕ್ಸಿನ ಪೈಪ್ ಹಾಯಿಸಲು ಟ್ಯಾಂಕಿನ ಗಾಜು ಕೊರೆಯಲು ಬರುತ್ತದೆಯೇ ನೋಡಿ. ಬರುವಂತಿದ್ದರೆ ಬೇರೆ ಯೋಚನೆಯೇ ಬೇಡ, ಕೊರೆಸಿ. ಟಫನ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜನ್ನು ಕೊರೆದರೆ ಇಡೀ ಹಾಳೆ ಪುಡಿಯಾಗುತ್ತದೆ. ಪಕ್ಕದ ಗಾಜು ಸಾಮಾನ್ಯದ್ದಾಗಿದ್ದು ತಳ ಮಾತ್ರ ಟಫನ್ಡ್ ಆಗಿರುವುದುಂಟು. ಆದ್ದರಿಂದ ತೂತು ಬೀಳುವ ಗಾಜನ್ನೇ ಪರೀಕ್ಷಿಸಬೇಕು. ಖಾಲಿ ಟ್ಯಾಂಕಿನೊಳಗೆ ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪನ್ನು ಆ ಗಾಜಿಗೆ ಮುಖಮಾಡಿ ಇಟ್ಟು, ಬಿಳಿ ಪುಟ ತೆರೆಯಿರಿ. ಹೊರಗಿನಿಂದ ಪೋಲರೈಸ್ಡ್ ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ ನೋಡಿ. ಗಾಜಿನಲ್ಲಿ ಪಟ್ಟೆ, ಮಚ್ಚೆ ಅಥವಾ ಬಣ್ಣದ ಛಾಯೆಗಳು ಮೂಡಿದರೆ ಅದು ಟಫನ್ಡ್. ಏಕರೂಪವಾಗಿ ಕಪ್ಪಾದರೆ ಸಾಮಾನ್ಯ ಗಾಜು. ಕೊರೆಯುವ ಕೆಲಸವನ್ನು ಗಾಜಿನವರಿಗೇ ಬಿಡಿ.

ಮುಂದಿನದು ಹರಿವು. ಗಂಟೆಗೆ ಟ್ಯಾಂಕಿನ ನೀರಿನ ಮೂರರಿಂದ ಐದು ಪಟ್ಟು ಸಂಪಿನ ಮೂಲಕ ಹಾದರೆ ಸಾಕು; 300 ಲೀಟರ್ ಟ್ಯಾಂಕಿಗೆ 900ರಿಂದ 1,500 ಲೀಟರ್. ನೀರು ಹಾಯುವ ಅಂಚಿನ ಪ್ರತಿ ಸೆಂಟಿಮೀಟರಿಗೆ ಗಂಟೆಗೆ ಸುಮಾರು 100 ಲೀಟರ್ ಎಂಬುದು ಅಂದಾಜಿನ ಲೆಕ್ಕ. ಅಂದರೆ 15 ಸೆಂ.ಮೀ. ಅಂಚು ಬೇಕು. ಆದರೆ ಮೀನು ಒಳಗೆ ಹೋಗದಂತೆ ಬಾಚಣಿಗೆಯ ಹಾಗೆ ಕೊರೆದ ಹಲ್ಲುಗಳು ಅರ್ಧ ಉದ್ದವನ್ನು ತಿಂದುಹಾಕುತ್ತವೆ. ಹಲ್ಲಿದ್ದರೆ 30 ಎಂದಿಟ್ಟುಕೊಳ್ಳಿ. ಅಂಚು ಉದ್ದವಾದಷ್ಟೂ ಅದರ ಮೇಲೆ ಹಾಯುವ ನೀರು ತೆಳುವಾಗಿ, ಮೇಲೆ ಕಟ್ಟುವ ಜಿಡ್ಡಿನ ಪದರ ಚೆನ್ನಾಗಿ ಇಳಿಯುತ್ತದೆ.

ಒಂದೇ ಪೈಪಿನ ಬಾಕ್ಸನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬೇಡಿ. ಅದು ಕಟ್ಟಿಕೊಂಡರೆ ನೀರಿಗೆ ಬೇರೆ ದಾರಿಯಿಲ್ಲ. ಕನಿಷ್ಠ ಎರಡಿರಲಿ: ಒಂದು ಪೂರ್ತಿ ಸೈಫನ್ ಆಗಿ, ಅಂದರೆ ಗಾಳಿಯಿಲ್ಲದೆ ನೀರು ತುಂಬಿಕೊಂಡು, ಸದ್ದಿಲ್ಲದೆ ಎಳೆಯಲು, ಇನ್ನೊಂದು ಸ್ವಲ್ಪ ಎತ್ತರದಲ್ಲಿ ತುರ್ತಿಗಾಗಿ ಒಣಗಿಯೇ ನಿಂತಿರಲು. ತುರ್ತು ಪೈಪಿಗೆ ವಾಲ್ವ್ ಹಾಕುವವರೂ ಇದ್ದಾರೆ. ಅವರಿಗೆ ಏನು ಹೇಳುವುದು!

ಈಗ ಎಲ್ಲರೂ ಎಡವುವ ಜಾಗ. ಕರೆಂಟ್ ಹೋದಾಗ ಬಾಕ್ಸಿನ ಅಂಚಿಗಿಂತ ಮೇಲಿರುವ ನೀರೆಲ್ಲ ಸಂಪಿಗೆ ಇಳಿಯುತ್ತದೆ. ಟ್ಯಾಂಕ್ 120 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲವಿದ್ದು, ಅಂಚಿನ ಮೇಲೆ ಎರಡೂವರೆ ಸೆಂ.ಮೀ. ನೀರಿದ್ದರೆ ಅದೇ 15 ಲೀಟರ್. ಅಷ್ಟಕ್ಕೆ ನಿಲ್ಲುವುದಿಲ್ಲ. ಪಂಪಿನಿಂದ ನೀರನ್ನು ಮೇಲಕ್ಕೆ ತರುವ ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟದಿಂದ 10 ಸೆಂ.ಮೀ. ಕೆಳಗಿದ್ದರೆ ಅದೂ ಹಿಮ್ಮುಖ ಸೈಫನ್ ಆಗಿ, ಒಟ್ಟು 60 ಲೀಟರ್ ಕೆಳಗಿಳಿಯುತ್ತದೆ. ಬಾಯಿಯನ್ನು ಮೇಲ್ಮೈಗೆ ಹತ್ತಿರವಿಡಿ, ಇಲ್ಲವೇ ನೀರಿನ ಮಟ್ಟದ ತುಸು ಕೆಳಗೆ ಪೈಪಿಗೆ ಸಣ್ಣ ತೂತು ಕೊರೆದು, ಅದು ಪಾಚಿ ಕಟ್ಟದಂತೆ ನೋಡಿಕೊಳ್ಳಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ನಂಬಬೇಡಿ. ಸುಣ್ಣದ ಪದರ ಕೂತು ಒಂದು ದಿನ ಅದು ಮುಚ್ಚುವುದೇ ಇಲ್ಲ.

ಇದರ ತಿರುಗುಮುರುಗು ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಬಾಕ್ಸ್ ನೀರೆಳೆಯುವುದನ್ನು ನಿಲ್ಲಿಸಿ ಪಂಪ್ ಮಾತ್ರ ಓಡುತ್ತಿದ್ದರೆ, ಸಂಪಿನಲ್ಲಿ ಪಂಪ್ ಇರುವ ಕೋಣೆಯ ನೀರೆಲ್ಲ ಮೇಲೆ ಬರುತ್ತದೆ. ಅದೇ ಟ್ಯಾಂಕಿನಲ್ಲಿ ನೀರಿನ ಮಟ್ಟದಿಂದ ಕಂಠದವರೆಗೆ 4 ಸೆಂ.ಮೀ. ಖಾಲಿಯಿದ್ದರೆ ಹಿಡಿಸುವುದು 24 ಲೀಟರ್ ಮಾತ್ರ. ಪಂಪ್ ಎತ್ತಬಲ್ಲ ನೀರು ಅದಕ್ಕಿಂತ ಕಡಿಮೆಯಿರಬೇಕು.

ಟ್ಯಾಂಕ್ ಕೊರೆಯಲಾಗದೆ, ಹಿಂಬದಿಗೆ ನೇತುಹಾಕುವ ಯು ಆಕಾರದ ಕೊಳವೆಯ ಬಾಕ್ಸ್ ಕೊಳ್ಳುವವರು ಈ ಲೆಕ್ಕವನ್ನು ಎರಡು ಸಲ ಮಾಡಿ. ಕೊಳವೆಯ ಎರಡು ತುದಿಗಳೂ ಬಾಕ್ಸಿನ ನೀರಿನಲ್ಲಿ ಮುಳುಗಿರುವುದರಿಂದ ಕರೆಂಟ್ ಹೋದರೂ ಸೈಫನ್ ಉಳಿಯುತ್ತದೆ, ಅದು ನಿಜ. ಆದರೆ ಬಾಗಿನ ನೆತ್ತಿಯಲ್ಲಿ ಗಾಳಿಗುಳ್ಳೆಗಳು ಒಂದೊಂದಾಗಿ ಕೂಡಿಕೊಂಡು, ಕಡೆಗೆ ಸೈಫನ್ ಕಡಿದುಹೋಗುತ್ತದೆ. ಹರಿವಿಗೆ ಮೀರಿದ ಅಗಲದ ಕೊಳವೆಯಲ್ಲಿ ನೀರು ನಿಧಾನವಾಗಿ ಸಾಗಿ ಗುಳ್ಳೆಗಳು ಅಲ್ಲೇ ಉಳಿಯುತ್ತವೆ. ತಕ್ಕಮಟ್ಟಿಗೆ ಕಿರಿದಾದ, ಒಳಗೆ ಕಾಣುವಂಥ ಪಾರದರ್ಶಕ ಕೊಳವೆಯನ್ನೇ ಆರಿಸಿ. ಗಾಳಿ ಹೀರಲು ಪುಟ್ಟ ಪಂಪನ್ನು ಜೊತೆಗೆ ಮಾರುತ್ತಾರೆ. ಅದು ಕೆಡಬಲ್ಲ ಇನ್ನೊಂದು ವಸ್ತು, ಅಷ್ಟೇ.

ಉಪ್ಪು ಬೆರೆಸುವ ಮೊದಲೇ ಸಾದಾ ನೀರಿನಲ್ಲಿ ಪರೀಕ್ಷೆ ಮುಗಿಸಿ. ಪಂಪ್ ನಿಲ್ಲಿಸಿ, ಸಂಪಿನಲ್ಲಿ ನೀರು ಏರಿ ನಿಂತ ಮಟ್ಟಕ್ಕೆ ಟೇಪ್ ಅಂಟಿಸಿ. ಮತ್ತೆ ಹಾಕಿ, ಸೈಫನ್ ತಾನಾಗಿ ಹಿಡಿಯುತ್ತದೆಯೇ ನೋಡಿ. ನಾಲ್ಕಾರು ಬಾರಿ ಹೀಗೇ ಮಾಡಿ. ಆಮೇಲೆ ಮುಖ್ಯ ಪೈಪಿಗೆ ಬಟ್ಟೆ ತುರುಕಿ, ತುರ್ತು ಪೈಪೊಂದೇ ಎಲ್ಲ ನೀರನ್ನೂ ಇಳಿಸುವುದನ್ನು ಕಣ್ಣಾರೆ ಕಂಡು ನಂತರ ಬಟ್ಟೆ ತೆಗೆಯಿರಿ. ಯು ಕೊಳವೆಯಾದರೆ ಅದನ್ನೇ ಎತ್ತಿಬಿಟ್ಟು, ಪಂಪ್ ಬರಿದಾಗುವವರೆಗೆ ಟ್ಯಾಂಕಿನ ಕಂಠ ನೋಡುತ್ತಿರಿ.

ಉಳಿದವು ಚಿಲ್ಲರೆ ವಿಷಯಗಳು. ಬಾಕ್ಸಿನ ಬಣ್ಣ ಕಪ್ಪಿರಲಿ, ಪಾರದರ್ಶಕವಾದದ್ದರ ಒಳಗೆ ಬೆಳಕು ಬಿದ್ದು ಪಾಚಿ ಬೆಳೆಯುತ್ತದೆ. ಗಾಜಿನ ತೂತಿನಲ್ಲಿ ಪೈಪನ್ನು ಹಿಡಿಸುವ ಬಲ್ಕ್‌ಹೆಡ್‌ನ ರಬ್ಬರ್ ವಾಷರ್ ಅಗಲವಾದ ತಲೆಯ ಕಡೆಗೆ ಕೂರಬೇಕು, ನಟ್ಟಿನ ಕಡೆಗಲ್ಲ. ಕೈಯಲ್ಲಿ ಬಿಗಿ ಮಾಡಿ ಇನ್ನೊಂದು ಕಾಲು ಸುತ್ತು ಸಾಕು. ಸೈಫನ್ ಪೈಪಿಗೆ ಬಾಲ್ ವಾಲ್ವ್ ಬೇಡ, ಗೇಟ್ ವಾಲ್ವ್ ಹಾಕಿ; ಕೂದಲೆಳೆಯಷ್ಟು ತಿರುಗಿಸಲು ಅದರಲ್ಲೇ ಸಾಧ್ಯ. ಬಾಕ್ಸಿನ ನೀರಿನ ಮಟ್ಟ ಸರಿಹೊಂದಿದ ಮೇಲೆ, ಪೂರ್ತಿ ಮುಚ್ಚಿದಲ್ಲಿಂದ ಎಷ್ಟು ಸುತ್ತು ತೆರೆದಿದೆ ಎಂದು ಕ್ಯಾಬಿನೆಟ್ಟಿನ ಒಳಬಾಗಿಲಿನ ಮೇಲೆ ಬರೆದಿಡಿ. ಶುಚಿ ಮಾಡಲು ಬಿಚ್ಚಿದಾಗ ಬೇಕಾಗುತ್ತದೆ.