ಹವಳದ ದಿಬ್ಬದಲ್ಲಿ ಸೀ ಅರ್ಚಿನ್, ನಕ್ಷತ್ರಮೀನು, ಮೀನುಗಳ ಗುರುತು ಹಿಡಿಯುವುದು ಹೇಗೆ?

ನೇತ್ರಾಣಿಯಲ್ಲಾಗಲಿ, ಲಕ್ಷದ್ವೀಪ, ಅಂಡಮಾನ್‌ಗಳಲ್ಲಾಗಲಿ, ಡೈವ್ ಮುಗಿಸಿ ದೋಣಿ ಹತ್ತಿದವರ ನೆನಪಿನಲ್ಲಿ ಉಳಿದಿರುವುದು ಬಣ್ಣ ಮಾತ್ರ: ‘ಹಳದಿ ಮೀನು, ಕಪ್ಪು ಪಟ್ಟೆ.’ ಇಷ್ಟನ್ನೇ ಹಿಡಿದು ಹುಡುಕಿದರೆ ಹತ್ತಾರು ಮೀನು ಎದುರಾಗುತ್ತವೆ. ಅದೂ ಅಲ್ಲದೆ ನೀರು ಮೊದಲು ನುಂಗುವುದೇ ಕೆಂಪನ್ನು. 10 ಮೀಟರ್ ಆಳದಲ್ಲಿ ಕೆಂಪು ಜೀವಿ ಬೂದುಗಂದಾಗಿ ಕಾಣುತ್ತದೆ. ಅದಕ್ಕೇ ಹಗಲಲ್ಲೂ ಸಣ್ಣ ಟಾರ್ಚ್ ಬೇಕು. ಮಾಸ್ಕಿನೊಳಗಿಂದ ಎಲ್ಲವೂ ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಿ ಕಾಣುತ್ತವೆ, 30 ಸೆಂ.ಮೀ. ಮೀನು 40 ಅನ್ನಿಸುತ್ತದೆ. ನೀರಿನೊಳಗೆ ಬರೆಯಲು ಒಯ್ಯುವ ಸ್ಲೇಟಿನ ಅಂಚಿಗೆ ಸೆಂ.ಮೀ. ಗೆರೆ ಹಾಕಿಕೊಂಡು, ಜೀವಿಯಷ್ಟೇ ದೂರದಲ್ಲಿ ಹಿಡಿದು ನೋಡಿ. ಸ್ಲೇಟೂ ಅಷ್ಟೇ ಹಿಗ್ಗಿ ಕಾಣುವುದರಿಂದ ಅಳತೆ ಸರಿಹೋಗುತ್ತದೆ. ಬರೆದುಕೊಳ್ಳುವಾಗ ಆಕಾರ, ಬಾಯಿ, ಬಾಲ, ಈಜುವ ರೀತಿ ಮೊದಲು, ಬಣ್ಣ ಕೊನೆಗೆ.

ಸೀ ಅರ್ಚಿನ್ ಎಂದರೆ ಮುಳ್ಳಿನ ಚೆಂಡಿನಂಥ ಕಡಲಜೀವಿ. ಉದ್ದ ಕರಿ ಮುಳ್ಳಿನವನ್ನೆಲ್ಲ ‘ಡಯಾಡೆಮಾ’ ಎಂಬ ಒಂದೇ ಕುಲದ ಹೆಸರಿನಲ್ಲಿ ಬರೆದುಬಿಡುವುದೇ ಹೆಚ್ಚು. ಅರ್ಧ ಮೀಟರ್ ದೂರದಲ್ಲೇ ನಿಂತು, ಮೇಲಿನಿಂದ ಮುಳ್ಳುಗಳ ನಡುವೆ ಟಾರ್ಚ್ ಬಿಡಿ. ಅಲ್ಲೊಂದು ಪುಟ್ಟ ಬಲೂನಿನಂಥ ಉಬ್ಬು ಇರುತ್ತದೆ, ಅದು ಗುದದ್ವಾರ. ಅದರ ತುದಿಯಲ್ಲಿ ಕಿತ್ತಳೆ ಬಳೆ, ಸುತ್ತ ಐದು ಬಿಳಿ ಚುಕ್ಕೆ ಇದ್ದರೆ ಡಯಾಡೆಮಾ ಸೆಟೋಸಮ್. ಬಳೆಯಿಲ್ಲದೆ ಹೊಳೆಯುವ ನೀಲಿ ಗೆರೆಗಳಿದ್ದರೆ ಬಹುಮಟ್ಟಿಗೆ ಡಯಾಡೆಮಾ ಸ್ಯಾವಿನ್ಯಿ. ಉಬ್ಬಿನ ಮೇಲೆಲ್ಲ ಬಿಳಿ ಚುಕ್ಕೆ ಚೆಲ್ಲಿದಂತಿದ್ದರೆ ಎಕಿನೋಥ್ರಿಕ್ಸ್ ಕ್ಯಾಲಮ್ಯಾರಿಸ್. ಮುಳ್ಳಿನ ಪಟ್ಟೆ ನೋಡಿ ತೀರ್ಮಾನಿಸಬೇಡಿ, ಮರಿ ಡಯಾಡೆಮಾಗೂ ಪಟ್ಟೆ ಇರುತ್ತದೆ. ನಿಮ್ಮ ನೆರಳು ಬಿದ್ದೊಡನೆ ಮುಳ್ಳುಗಳು ನಿಮ್ಮತ್ತ ತಿರುಗುತ್ತವೆ. ಅಲ್ಲಿಂದ ಮುಂದೆ ಹೋಗಬೇಡಿ.

ಮುಳ್ಳೇ ಕಾಣದೆ, ಮೈತುಂಬ ತಿಳಿಗುಲಾಬಿ ಹೂ ಅರಳಿದಂತಿದ್ದರೆ ಅದು ಫ್ಲವರ್ ಅರ್ಚಿನ್. ಆ ಹೂಗಳೇ ವಿಷದ ಇಕ್ಕಳಗಳು. ಚಿಪ್ಪಿನ ಚೂರು ಹೊದ್ದುಕೊಂಡಿರುವುದರಿಂದ ಕಲ್ಲೆಂದು ಮುಟ್ಟಿಬಿಡುವ ಅಪಾಯವಿದೆ. ಕೈಗವಸು ಇದೆಯೆಂಬ ಧೈರ್ಯವೂ ಬೇಡ. ಕಚ್ಚಿಸಿಕೊಂಡರೆ ತಕ್ಷಣ ಜೊತೆಗಾರರಿಗೆ ಸನ್ನೆ ಮಾಡಿ, ಅವರೊಂದಿಗೇ ನಿಧಾನವಾಗಿ ಮೇಲೆ ಬಂದು ವೈದ್ಯರ ಬಳಿ ಹೋಗಿ. ಡಯಾಡೆಮಾ ಮುಳ್ಳು ಚುಚ್ಚಿದರೆ ಹಿಂಡಲು, ಕುಟ್ಟಲು ಹೋಗಬೇಡಿ. ಅದು ಒಳಗೇ ಚೂರಾಗುತ್ತದೆ. ನೋವು ಇಳಿಯಲು 45 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಿ. ಪೆಟ್ಟಾದ ಕೈಗೆ ಬಿಸಿ ತಿಳಿಯದಿರಬಹುದು, ನೀರನ್ನು ಇನ್ನೊಂದು ಕೈಯಿಂದ ಪರೀಕ್ಷಿಸಿ. ಕೀಲಿನ ಹತ್ತಿರ ಚುಚ್ಚಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ನಕ್ಷತ್ರಮೀನಿನ ತೋಳು ನಡುಮೈಯೊಳಗೆ ಬೆರೆತುಹೋಗಿರುತ್ತದೆ. ಅದರ ಹತ್ತಿರದ ಬಂಧು ಬ್ರಿಟಲ್ ಸ್ಟಾರ್‌ನ ನಡುಮೈ ನಾಣ್ಯದಂತೆ ಬೇರೆಯೇ ಕಾಣುತ್ತದೆ, ತೋಳು ಹಾವಿನಂತೆ ನುಲಿಯುತ್ತದೆ. ಐದು ಮೂಲೆಯ ದಿಂಬಿನಂತಿದ್ದರೆ ಕುಶನ್ ಸ್ಟಾರ್. ಗರಿಗಳ ಗೊಂಚಲು ಬಂಡೆಯ ತುದಿ ಹಿಡಿದು ಕೂತಿದ್ದರೆ ಫೆದರ್ ಸ್ಟಾರ್. ತೋಳು ಐದಕ್ಕಿಂತ ಬಹಳ ಹೆಚ್ಚಿದ್ದು ಮೈಯೆಲ್ಲ ಮುಳ್ಳಾಗಿದ್ದರೆ ಹವಳ ತಿನ್ನುವ ಕ್ರೌನ್ ಆಫ್ ಥಾರ್ನ್ಸ್. ಈ ಮುಳ್ಳೂ ವಿಷದ್ದೇ. ಅದು ತಿಂದ ಜಾಗದಲ್ಲಿ ಬರಿಯ ಬಿಳಿ ಅಸ್ಥಿ ಉಳಿಯುತ್ತದೆ, ಅಂಚು ಸ್ಪಷ್ಟ. ಬಿಸಿಗೆ ಬಿಳಿಚಿದ ಹವಳದ ಮೇಲೆ ಪಾರದರ್ಶಕ ಜೀವಕೋಶದ ಪದರ ಇನ್ನೂ ಇರುತ್ತದೆ. ಕಡಲಸೌತೆಯೂ ನಕ್ಷತ್ರಮೀನು, ಸೀ ಅರ್ಚಿನ್‌ಗಳ ಬಳಗದ್ದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವಿ, ಎತ್ತಿ ಫೋಟೊ ತೆಗೆಯುವುದೂ ಬೇಡ.

ಮೀನಿನ ವಿಷಯದಲ್ಲಿ ಜೋಡಿ ಜೋಡಿಯಾಗಿ ಕಲಿತರೆ ಬೇಗ ಹತ್ತುತ್ತದೆ. ತಟ್ಟೆಯಂಥ ಮೈಯ ಬಟರ್‌ಫ್ಲೈ ಫಿಶ್, ಏಂಜೆಲ್ ಫಿಶ್ ಎರಡರಲ್ಲಿ ಕೆನ್ನೆಯ ಕೆಳಗೆ ಚೂಪು ಮುಳ್ಳಿರುವುದು ಏಂಜೆಲ್. ಬೆನ್ನಮೇಲೆ ಉದ್ದ ಬಿಳಿ ಬಾವುಟ ಕಂಡರೆ ಬಾಲ ನೋಡಿ: ಕಪ್ಪಾದರೆ ಮೂರಿಷ್ ಐಡಲ್, ಹಳದಿಯಾದರೆ ಬ್ಯಾನರ್ ಫಿಶ್. ಪ್ಯಾರಟ್ ಫಿಶ್, ರಾಸ್ ಎರಡೂ ಪಕ್ಕದ ರೆಕ್ಕೆ ಬಡಿದು ಈಜುತ್ತವೆ. ಹಲ್ಲು ಕೂಡಿಕೊಂಡು ಕೊಕ್ಕಾಗಿದ್ದರೆ ಪ್ಯಾರಟ್. ಬೆನ್ನಿನ, ಹೊಟ್ಟೆಯ ಹಿಂಬದಿಯ ರೆಕ್ಕೆಗಳನ್ನು ಅಲೆಯಂತೆ ಆಡಿಸುತ್ತ ಹೋದರೆ ಟ್ರಿಗರ್ ಫಿಶ್. ಬಾಲದ ಬುಡದಲ್ಲಿ ಚಿಕ್ಕ ಚಾಕು ಇದ್ದರೆ ಸರ್ಜನ್ ಫಿಶ್.

ದೊಡ್ಡ ಮೀನಿನ ಮೈ ಶುಚಿಮಾಡುವ ನೀಲಿ-ಕಪ್ಪು ಪಟ್ಟೆಯ ಕ್ಲೀನರ್ ರಾಸ್‌ಗೆ ತದ್ರೂಪಿಯೊಂದಿದೆ. ಶುಚಿಮಾಡುವ ಬದಲು ರೆಕ್ಕೆ ಕಚ್ಚಿ ಓಡುವ ಬ್ಲೆನ್ನಿ ಅದು. ಮೂತಿ ನೋಡಿ. ರಾಸ್‌ನ ಬಾಯಿ ಮೂತಿಯ ತುದಿಯಲ್ಲಿದೆ, ಬ್ಲೆನ್ನಿಯದು ಮೂತಿಯ ಅಡಿಯಲ್ಲಿ.