ರಾಗಿಯಲ್ಲಿ ತೊಗರಿ ಅಕ್ಕಡಿ: ನಾನು ಮಾಡಿದ್ದು, ನನಗೆ ಸಿಕ್ಕಿದ್ದು

ನಮ್ಮದು ತಳಿ ಅನ್ನುವ ಊರಿನ ಹತ್ತಿರ, ಡೆಂಕಣಿಕೋಟೆ ತಾಲ್ಲೂಕು. ತಮಿಳುನಾಡಾದರೂ ಹೊಲದ ಮಾತೆಲ್ಲ ಕನ್ನಡವೇ. ಎರಡು ಎಕರೆ ಕೆಂಪು ಮಣ್ಣು, ಪೂರ್ತಿ ಮಳೆ ನಂಬಿದ್ದು. ಅಜ್ಜನ ಕಾಲದಲ್ಲಿ ರಾಗಿ ಹೊಲ ಅಂದ್ರೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಅಂತ ಅಕ್ಕಡಿ ಸಾಲು, ಅಂದ್ರೆ ರಾಗಿ ನಡುನಡುವೆ ಬೇರೆ ಬೆಳೆಯ ಸಾಲು, ಇದ್ದೇ ಇರುತ್ತಿತ್ತು. ಬರೀ ರಾಗಿ ಆದರೆ ಮಷಿನ್ ಬಿಟ್ಟು ಒಂದೇ ದಿನಕ್ಕೆ ಕೊಯ್ಯಬಹುದು ಅಂತ ನಡುವೆ ನಾವೇ ಬಿಟ್ಟುಬಿಟ್ಟೆವು.

2022ರಲ್ಲಿ ಮತ್ತೆ ಶುರು ಮಾಡಿದೆ. ಆ ವರ್ಷ ನಾಲ್ಕು ಸಾಲು ರಾಗಿಗೆ ಒಂದು ಸಾಲು ಅವರೆ ಹಾಕಿದೆ. ತಪ್ಪಾಯಿತು. ಬಳ್ಳಿ ರಾಗಿ ಮೇಲೆ ಹಬ್ಬಿ, ತೆನೆ ಬಲಿಯುವ ಹೊತ್ತಿಗೆ ಪೈರನ್ನೇ ಮಲಗಿಸಿತು. ಅವರೆ ಹಾಕುವುದಾದರೆ ಎಂಟು ಸಾಲಿಗೆ ಒಂದು ಸಾಕು.

ಮರು ವರ್ಷ ತೊಗರಿಗೆ ಬಂದೆ. ಎಂಟು ಸಾಲು ರಾಗಿ, ಎರಡು ಸಾಲು ತೊಗರಿ. ರಾಗಿಯಲ್ಲಿ ಜಿಪಿಯು-28 ತಳಿ, ತೊಗರಿಯಲ್ಲಿ ಬಿಆರ್‌ಜಿ-2 ತಳಿ, ಬಿತ್ತುವ ಮುಂಚೆ ತೊಗರಿ ಬೀಜಕ್ಕೆ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟುವ ಸೂಕ್ಷ್ಮಾಣು) ಹಚ್ಚಿ ನೆರಳಲ್ಲಿ ಆರಿಸಿದೆ. ಜುಲೈ ಮೊದಲ ವಾರ ಬಿತ್ತನೆ. ತೊಗರಿ ಮೊದಲ ಎರಡು ತಿಂಗಳು ತುಂಬಾ ನಿಧಾನ, ರಾಗಿ ಜೊತೆ ಪೈಪೋಟಿಗೇ ಬರುವುದಿಲ್ಲ, ನವೆಂಬರ್ ಶುರುವಿಗೆ ರಾಗಿ ಕೊಯ್ದ ಮೇಲೆ ಇಡೀ ಹೊಲದ ಬೆಳಕು, ಆಳದಲ್ಲಿ ಉಳಿದ ತೇವ ಎಲ್ಲ ಅದಕ್ಕೇ. ಲಾಭ ಇರುವುದೇ ಇಲ್ಲಿ, ಅಲ್ವಾ? ಐವತ್ತು ದಿನಕ್ಕೆ, ಕವಲು ಒಡೆಯಲಿ ಅಂತ, ತೊಗರಿ ಕುಡಿ ಚಿವುಟಿದೆ, ಎರಡು ಬೆರಳಷ್ಟು. ಆಗ ಒಂದು ಗಿಡ ಮಣ್ಣು ಸಮೇತ ಎತ್ತಿ ನೋಡಿದೆ. ಬೇರಿನ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಹಾಗಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ, ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ. ತುಂಬಾ ಖುಷಿಯಾಯಿತು.

ಆದರೆ ಆ ವರ್ಷ ತೊಗರಿ ಕೈಗೆ ಸಿಗಲಿಲ್ಲ. ಇಲ್ಲಿ ರಾಗಿ ಕೊಯ್ಲು ಮುಗಿದರೆ ದನ ಬಿಡುವುದು ರೂಢಿ. ನಮ್ಮ ಹೊಲದಲ್ಲಿ ಹೂವಿಗೆ ಬಂದ ತೊಗರಿ ನಿಂತಿದೆ ಅಂತ ಯಾರಿಗೂ ನಾನು ಹೇಳಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಮುಕ್ಕಾಲು ಪಾಲು ಬರೀ ಕಡ್ಡಿ.

2024ರಲ್ಲಿ ಹೋಲಿಸಿ ನೋಡಲೆಂದೇ ಒಂದು ಎಕರೆ ಬರೀ ರಾಗಿ, ಇನ್ನೊಂದರಲ್ಲಿ ಅಕ್ಕಡಿ ಹಾಕಿದೆ. ಬರೀ ರಾಗಿ 9 ಕ್ವಿಂಟಾಲ್ ಬಂತು. ಅಕ್ಕಡಿ ಹೊಲದಲ್ಲಿ ರಾಗಿ 7.5, ತೊಗರಿ 2. ಆ ವರ್ಷ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲ್‌ಗೆ ರಾಗಿಗೆ 4,290 ರೂಪಾಯಿ, ತೊಗರಿಗೆ 7,550. ಆ ಲೆಕ್ಕದಲ್ಲಿ ಒಂದೂವರೆ ಕ್ವಿಂಟಾಲ್ ರಾಗಿ ಹೋಗಿದ್ದಕ್ಕೆ 6,435 ನಷ್ಟ, ತೊಗರಿಯಿಂದ 15,100. ಕಾಯಿಕೊರಕ ಹುಳುವಿಗೆ ಎರಡು ಸಲ ಔಷಧಿ, ಕೊಯ್ಯೋದು ಬಡಿಯೋದು ಸೇರಿ 2,500 ಜಾಸ್ತಿ ಖರ್ಚು. ಎಕರೆಗೆ ಆರು ಸಾವಿರ ಚಿಲ್ಲರೆ ಉಳಿಯಿತು. ರಾಗಿ ಹುಲ್ಲು ಸ್ವಲ್ಪ ಕಡಿಮೆಯಾಯಿತು, ಹಸು ಸಾಕಿರುವವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ತೊಗರಿ ಕಡ್ಡಿ ಒಲೆಗೆ ಆಯಿತು.

ಮಷಿನ್ ಕೊಯ್ಲು ಮಾತ್ರ ಮರೆತುಬಿಡಿ. ಕುಡುಗೋಲೇ ಗತಿ, ಆಳು ಸಿಗದ ಊರಲ್ಲಿ ಇದನ್ನು ಸುಮ್ನೆ ಶುರು ಮಾಡಬೇಡಿ. ನಾವು ಅಕ್ಕಪಕ್ಕದ ಮೂರು ಮನೆಯವರು ಮುಯ್ಯಾಳು ಮಾಡಿಕೊಂಡೆವು, ಅಂದ್ರೆ ಕೂಲಿ ಇಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಬಂದು ದುಡಿಯೋದು. ಅವರೂ ಈಗ ತೊಗರಿ ಹಾಕುತ್ತಾರೆ, ಹಾಗಾಗಿ ಸಂಕ್ರಾಂತಿವರೆಗೆ ನಮ್ಮ ಕಡೆ ಯಾರೂ ದನ ಬಿಡುವುದಿಲ್ಲ.