ಪ್ಯಾಕೆಟ್ ತಿಂಡಿ ಇಲ್ಲದೆ, ಕಡಿಮೆ ಖರ್ಚಿನಲ್ಲಿ ದಿನಕ್ಕೆ 2,700 ಕ್ಯಾಲೊರಿ

ಬಿಸ್ಕತ್ತು, ನೂಡಲ್ಸ್, ಬೇಕರಿ ತಿಂಡಿ ಬಿಟ್ಟು ಕಾಳು, ಹಿಟ್ಟು, ಸೊಪ್ಪಿನ ಊಟಕ್ಕೆ ಬಂದವರಲ್ಲಿ ಹಲವರು ಒಂದೆರಡು ತಿಂಗಳಲ್ಲೇ ಸೊರಗುತ್ತಾರೆ. ಹೊಟ್ಟೆ ತುಂಬಿರುತ್ತದೆ, ಆದರೂ ಸಂಜೆ ನಾಲ್ಕಕ್ಕೆ ಕೈಕಾಲು ಸೋಲುತ್ತದೆ, ಪ್ಯಾಂಟು ಸೊಂಟದಿಂದ ಜಾರುತ್ತದೆ. ಹೊಟ್ಟೆ ತುಂಬಿಸಿದ್ದು ನೀರು ಮತ್ತು ನಾರು. ಒಂದು ದೊಡ್ಡ ಲೋಟ ಅಂಬಲಿಯಲ್ಲಿ ಎರಡು ಚಮಚ ರಾಗಿ ಹಿಟ್ಟು ಇದ್ದರೆ ಸಿಗುವುದು 70–80 ಕ್ಯಾಲೊರಿ ಮಾತ್ರ. ಅದೇ ಲೋಟ ಹಸಿವನ್ನು ಮಾತ್ರ ಎರಡು ಗಂಟೆ ಮುಂದೂಡುತ್ತದೆ.

ಮೊದಲು ನಿಮಗೆಷ್ಟು ಬೇಕು ಎಂಬ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪ್ರಮಾಣದಂತೆ 65 ಕೆಜಿ ತೂಕದ ಗಂಡಸಿಗೆ ಕೂತು ಮಾಡುವ ಕೆಲಸವಾದರೆ ದಿನಕ್ಕೆ 2,110, ಮಧ್ಯಮ ಶ್ರಮಕ್ಕೆ 2,710, ಮೈಮುರಿದು ದುಡಿಯುವವರಿಗೆ 3,470 ಕ್ಯಾಲೊರಿ. 55 ಕೆಜಿಯ ಹೆಂಗಸಿಗೆ ಇದೇ ಕ್ರಮದಲ್ಲಿ 1,660, 2,130 ಮತ್ತು 2,720. ಇಲ್ಲಿನ ಲೆಕ್ಕವೆಲ್ಲ 2,700ಕ್ಕೆ ಹಾಕಿದ್ದು. ನಿಮ್ಮದು ಕಡಿಮೆಯಿದ್ದರೆ ಧಾನ್ಯ ಮತ್ತು ಎಣ್ಣೆಯಲ್ಲಿ ಇಳಿಸಿ. ಕಾಳು, ಸೊಪ್ಪು ಹಾಗೇ ಇರಲಿ.

ದುಡ್ಡಿನ ಲೆಕ್ಕಕ್ಕೆ ಕೆಜಿ ದರ ನೋಡಿ ಪ್ರಯೋಜನವಿಲ್ಲ. ಸಾವಿರ ಕ್ಯಾಲೊರಿಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ನೋಡಬೇಕು: ಕೆಜಿ ದರವನ್ನು ಒಂದು ಕೆಜಿಯಲ್ಲಿರುವ ಕ್ಯಾಲೊರಿಯಿಂದ ಭಾಗಿಸಿ, ಸಾವಿರದಿಂದ ಗುಣಿಸಿ. 100 ಗ್ರಾಂ ಲೆಕ್ಕದಲ್ಲಿ ರಾಗಿ, ಗೋಧಿ ಹಿಟ್ಟು ಸುಮಾರು 320, ಜೋಳ 335, ಅಕ್ಕಿ 355, ತೊಗರಿಬೇಳೆ ಮತ್ತು ಹುರುಳಿ 330, ಬೆಲ್ಲ 355, ಕಡಲೆಕಾಯಿ ಬೀಜ 520, ಹಸಿ ತೆಂಗಿನಕಾಯಿ 400, ಎಣ್ಣೆ 900. ರಾಗಿ ಹಿಟ್ಟು ಕೆಜಿಗೆ 45 ರೂಪಾಯಿ ಎಂದಿಟ್ಟುಕೊಂಡರೆ ಸಾವಿರ ಕ್ಯಾಲೊರಿಗೆ 14 ರೂಪಾಯಿ. ಕಡಲೆಕಾಯಿ ಬೀಜ 140 ಇದ್ದರೆ 27. ತೊಗರಿಬೇಳೆ 130 ಇದ್ದರೆ 39. ಹಾಲು ಲೀಟರಿಗೆ 46 ಇದ್ದರೆ ಹತ್ತಿರ ಹತ್ತಿರ 80, ಮೊಟ್ಟೆ ಏಳು ರೂಪಾಯಿಗೆ ಒಂದಾದರೆ 100, ಬಾದಾಮಿ 900 ಇದ್ದರೆ 150. ದರ ಊರಿಂದ ಊರಿಗೆ ಬದಲಾಗುತ್ತದೆ, ಈ ಸಾಲು ಮಾತ್ರ ಹೆಚ್ಚು ಕಡಿಮೆ ಹೀಗೇ ಇರುತ್ತದೆ. ಹಾಲು, ಮೊಟ್ಟೆಯನ್ನು ಕೊಳ್ಳುವುದು ಪ್ರೋಟೀನಿಗಾಗಿ, ಟೊಮೆಟೊ, ಸೊಪ್ಪನ್ನು ಕೊಳ್ಳುವುದು ವಿಟಮಿನ್ ಮತ್ತು ರುಚಿಗಾಗಿ; ಅವುಗಳಿಂದ ಶಕ್ತಿ ತುಂಬಿಸಲು ಹೋದರೆ ಜೇಬು ಖಾಲಿಯಾಗುತ್ತದೆ. ಪಡಿತರದ ಅಕ್ಕಿ ಬರುತ್ತಿದ್ದರೆ ಒಂದಷ್ಟು ಭಾರ ಅಲ್ಲೇ ಇಳಿಯಿತು.

ಎಣ್ಣೆ, ಬೆಲ್ಲ ‘ಸಂಸ್ಕರಿಸಿದ’ ಪದಾರ್ಥ ಅಲ್ಲವೇ ಎಂದು ತಕರಾರು ತೆಗೆಯುವವರಿದ್ದಾರೆ. ಗಾಣದ್ದು, ಆಲೆಮನೆಯದ್ದು, ಗಿರಣಿಯದ್ದು ನಡೆಯುತ್ತದೆ ಎಂದು ಇಟ್ಟುಕೊಳ್ಳಿ. ಇಲ್ಲದಿದ್ದರೆ ಹಿಟ್ಟನ್ನೂ ಬಿಡಬೇಕಾಗುತ್ತದೆ.

ಇಡೀ ದಿನಕ್ಕೆ ಒಂದು ಮಾದರಿ, ಗ್ರಾಂಗಳೆಲ್ಲ ಬೇಯಿಸುವ ಮುಂಚಿನ ತೂಕ:

ಬೆಳಿಗ್ಗೆ ಎರಡು ರಾಗಿ ರೊಟ್ಟಿ (ಹಿಟ್ಟು 120 ಗ್ರಾಂ, ಎಣ್ಣೆ 10, ಹಿಟ್ಟಿಗೆ ತೆಂಗಿನ ತುರಿ 20), ಜೊತೆಗೆ 20 ಗ್ರಾಂ ಕಡಲೆಕಾಯಿ ಬೀಜದ ಚಟ್ನಿ – 660.
ಹನ್ನೊಂದಕ್ಕೆ ಹುರಿದ ಕಡಲೆಕಾಯಿ ಬೀಜ 40 ಗ್ರಾಂ, ಬೆಲ್ಲ 20 – 280.
ಮಧ್ಯಾಹ್ನ 120 ಗ್ರಾಂ ಅಕ್ಕಿಯ ಅನ್ನ, 40 ಗ್ರಾಂ ತೊಗರಿಬೇಳೆಯ ಸೊಪ್ಪಿನ ಹುಳಿ, ಎಣ್ಣೆ 10, ಒಂದು ಬಟ್ಟಲು ಮೊಸರು – 775.
ಸಂಜೆ 40 ಗ್ರಾಂ ಕಡಲೆಕಾಳಿನ ಉಸಲಿ, ಅದರ ಮೇಲೆ 20 ಗ್ರಾಂ ತೆಂಗಿನ ತುರಿ, ಎರಡು ಏಲಕ್ಕಿ ಬಾಳೆ – 310.
ರಾತ್ರಿ 120 ಗ್ರಾಂ ಹಿಟ್ಟಿನ ಮುದ್ದೆ, 40 ಗ್ರಾಂ ಹುರುಳಿಯ ಸಾರು ಕಾಳಿನ ಸಮೇತ, ಎಣ್ಣೆ 10, ಒಂದು ಮೊಟ್ಟೆ – 675.

ಒಟ್ಟು 2,700, ಪ್ರೋಟೀನ್ 75 ಗ್ರಾಂ ಮೇಲೆ. ಮೇಲೆ ಹಿಡಿದ ದರಗಳಲ್ಲಿ ಮಸಾಲೆ, ಗ್ಯಾಸ್ ಬಿಟ್ಟು ಸಾಮಾನಿಗೆ ಸುಮಾರು 90–95 ರೂಪಾಯಿ. ತೆಂಗಿನಕಾಯಿ ದುಬಾರಿಯಾದ ತಿಂಗಳು ಅದನ್ನು ಪೂರ್ತಿ ಬಿಟ್ಟು 30 ಗ್ರಾಂ ಕಡಲೆಕಾಯಿ ಬೀಜವನ್ನೋ ಹುಚ್ಚೆಳ್ಳನ್ನೋ ಸೇರಿಸಿ. ಸಸ್ಯಾಹಾರಿಗಳು ಮೊಟ್ಟೆ ತೆಗೆದು ಕಾಳನ್ನು 20 ಗ್ರಾಂ ಏರಿಸಿದರೆ ಆಯಿತು.

ಉತ್ತರ ಕರ್ನಾಟಕದ ಕಡೆ ರಾಗಿಯ ಜಾಗದಲ್ಲಿ ಜೋಳ ಹಾಕಿಕೊಳ್ಳಿ. ಆ ಕಡೆಯ ಊಟಕ್ಕೆ ಒಂದು ಅನುಕೂಲವಿದೆ: ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಕಡಲೆಕಾಯಿ ಬೀಜದ, ಹುಚ್ಚೆಳ್ಳಿನ ಚಟ್ನಿಪುಡಿ), ಅದರ ಮೇಲೆ ಎಣ್ಣೆ. ಎರಡು ಚಮಚ ಹಿಂಡಿ, ಒಂದು ಚಮಚ ಎಣ್ಣೆ ಎಂದರೆ ನೂರೈವತ್ತು ಕ್ಯಾಲೊರಿ ಸದ್ದಿಲ್ಲದೆ ಒಳಗೆ ಹೋದಂತೆ. ಆದರೆ ರೊಟ್ಟಿಯನ್ನು ಎಣಿಸಿ ಲೆಕ್ಕ ಇಡಬೇಡಿ. ಖಡಕ್ ರೊಟ್ಟಿ ತೆಳು. ನಾಲ್ಕು ತಿಂದರೂ ಎರಡು ಬಿಸಿ ರೊಟ್ಟಿಯ ಹಿಟ್ಟೂ ಇರಲಿಕ್ಕಿಲ್ಲ.

ಮುದ್ದೆ ಮಾಡುವಾಗ ಹೆಚ್ಚಿನವರು ಎಡವುವುದು ಅವಸರದಲ್ಲಿ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು; ಗಟ್ಟಿ ಬೇಕಿದ್ದರೆ ಒಂದೂಮುಕ್ಕಾಲು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹಾಕಿ, ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕಲಕಬೇಡಿ. ಕೋಲಿನಿಂದ ಗುಡ್ಡೆಗೆ ತೂತು ಮಾಡಿ, ಉರಿ ಸಣ್ಣ ಮಾಡಿ, ಐದು ನಿಮಿಷ ಬಿಡಿ. ಎಸರು ತೂತಿನಿಂದ ಮೇಲೆ ಬಂದು ಹಿಟ್ಟನ್ನು ಬೇಯಿಸುತ್ತದೆ. ಆಮೇಲೆ ಪಾತ್ರೆ ಒತ್ತಿ ಹಿಡಿದು ತೊಳಸಿ, ಮುಚ್ಚಿ ಇನ್ನೆರಡು ನಿಮಿಷ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಎಸರು ಕುದಿಯುವ ಮುಂಚೆ ಹಿಟ್ಟು ಸುರಿದರೆ ಅಥವಾ ತಕ್ಷಣ ಕಲಕಿದರೆ ಗಂಟು ಕಟ್ಟುತ್ತದೆ, ಗಂಟಿನೊಳಗೆ ಹಸಿ ಹಿಟ್ಟು ಉಳಿದು ಹೊಟ್ಟೆ ಉಬ್ಬರಿಸುತ್ತದೆ. ಹಿಟ್ಟು ಸುರಿಯುವ ಮುಂಚೆ ಎಸರಿಗೆ ಒಂದು ಹಿಡಿ ಮಿಕ್ಕ ಅನ್ನ ಹಾಕಿದರೆ ಮುದ್ದೆ ಮೆದುವಾಗುತ್ತದೆ, ಮಿಕ್ಕಿದ್ದೂ ಸಲ್ಲುತ್ತದೆ.

ಬಿಸ್ಕತ್ತಿಗೆ ಜನ ಮತ್ತೆ ಮತ್ತೆ ಜಾರುವುದಕ್ಕೆ ಕಾರಣವಿದೆ. ಅದು ಒಣ, 100 ಗ್ರಾಂಗೆ 450ರ ಆಸುಪಾಸು, ಜೇಬಲ್ಲಿಟ್ಟುಕೊಂಡು ಹೋಗಬಹುದು. ಅದರ ಜಾಗಕ್ಕೆ ಕೋಸಂಬರಿಯನ್ನು ತಂದು ನಿಲ್ಲಿಸಿದರೆ ನಿಲ್ಲುವುದಿಲ್ಲ. ಹುರಿದ ಕಡಲೆಕಾಯಿ ಬೀಜ, ಬೆಲ್ಲ, ಕೊಬ್ಬರಿ ನಿಲ್ಲುತ್ತದೆ. ಭಾನುವಾರ ಅರ್ಧ ಕೆಜಿ ಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12–15 ನಿಮಿಷ ಹುರಿಯಿರಿ. ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ, ತಿಕ್ಕಿದರೆ ಬಿಡಬೇಕು. ಪೂರ್ತಿ ಆರಿದ ಮೇಲಷ್ಟೇ ಡಬ್ಬಕ್ಕೆ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ಹುರಿಯುವ ಮುಂಚೆ ಮೊರದಲ್ಲಿ ಹರಡಿ, ಸುಕ್ಕುಗಟ್ಟಿದ್ದು, ಬಣ್ಣ ಕೆಟ್ಟಿದ್ದು, ಬೂಸ್ಟು ಬಂದದ್ದನ್ನು ಆರಿಸಿ ಎಸೆಯಿರಿ. ಬೂಸ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕೇಡು, ಹುರಿದರೂ ಪೂರ್ತಿ ಹೋಗುವುದಿಲ್ಲ. ಬಾಯಿಗೆ ಕಹಿ ಬಂದ ಬೀಜವನ್ನು ನುಂಗದೆ ಉಗಿಯಿರಿ. ಮಳೆಗಾಲದಲ್ಲಿ ಕಡಿಮೆ ದರ ಎಂದು ಐದು ಕೆಜಿ ತಂದು ಕಮಟು ಹಿಡಿಸುವುದಕ್ಕಿಂತ ಅರ್ಧರ್ಧ ಕೆಜಿ ತರುವುದೇ ಅಗ್ಗ.

ಹಿಟ್ಟಿನಲ್ಲೂ ಹೀಗೇ. ರಾಗಿಯನ್ನು ಕಾಳಾಗಿಯೇ ಇಟ್ಟರೆ ವರ್ಷಗಟ್ಟಲೆ ಹುಳ ಮುಟ್ಟದು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ, ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಸಜ್ಜೆ ಹಿಟ್ಟು ವಾರದೊಳಗೆ ಕಹಿಯಾಗುತ್ತದೆ, ಅದರಲ್ಲಿ ಎಣ್ಣೆಯಂಶ ಹೆಚ್ಚು.

ಕಾಳನ್ನು ಒಮ್ಮೆಲೇ ಏರಿಸಿದರೆ ವಾಯು ಗ್ಯಾರಂಟಿ. ಮೊದಲ ವಾರ ದಿನಕ್ಕೆ 40 ಗ್ರಾಂ, ಎರಡನೆಯ ವಾರ 80, ಆಮೇಲೆ 120. ರಾತ್ರಿಯಿಡೀ ನೆನೆಸಿ, ನೆನೆಸಿದ ನೀರು ಚೆಲ್ಲಿ, ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗುವಷ್ಟು ಬೇಯಿಸಿ. ಹುರುಳಿ ಕಟ್ಟಿಗೂ ಹೊಸ ನೀರೇ ಇರಲಿ. ಮೊಳಕೆ ಕಟ್ಟಿಸುವವರು ಒಂದು ಮಾತು ನೆನಪಿಡಬೇಕು: ಒಂದು ಬಟ್ಟಲು ಮೊಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಬಟ್ಟಲು ನೋಡಿ ಲೆಕ್ಕ ಹಾಕಿದರೆ ಕಾಳು ಅರ್ಧವೂ ಸೇರಿರುವುದಿಲ್ಲ.

ಇಷ್ಟು ತಿನ್ನಲು ಆಗುತ್ತಿಲ್ಲ ಎನ್ನುವವರು ಊಟಕ್ಕೆ ಮುಂಚೆ ಚೊಂಬು ನೀರು, ಮಜ್ಜಿಗೆ ಕುಡಿಯುವುದನ್ನು ನಿಲ್ಲಿಸಲಿ. ಊಟದ ನಂತರ ಕುಡಿಯಲಿ. ಕಾಳಿನ ಒಂದು ಪಾಲನ್ನು ಬೇಳೆಗೆ ಬದಲಿಸಲಿ, ನಾರು ತಗ್ಗುತ್ತದೆ. ಬಿಸಿ ಅನ್ನಕ್ಕೆ ಒಂದು ಚಮಚ ಎಣ್ಣೆ, ಚಟ್ನಿಪುಡಿ ಕಲಸಿದರೆ ತಟ್ಟೆ ದೊಡ್ಡದಾಗದೆ ನೂರು ಕ್ಯಾಲೊರಿ ಏರುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಬೇಡ, ಸೊಪ್ಪು ಕಾಳಿನ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಒಂದು ಗಂಟೆ ತಡೆಯಿರಿ.

ದಿನಾ ತಕ್ಕಡಿ ಹಿಡಿಯುವ ಅಗತ್ಯವಿಲ್ಲ. ಡಬ್ಬ ನೋಡಿ. ಮೇಲಿನ ಮಾದರಿಯಲ್ಲಿ ಒಬ್ಬರಿಗೆ ತಿಂಗಳಿಗೆ ಧಾನ್ಯ ಸುಮಾರು 11 ಕೆಜಿ, ಬೇಳೆ-ಕಾಳು ಮೂರೂವರೆ, ಕಡಲೆಕಾಯಿ ಬೀಜ ಎರಡು ಕೆಜಿಗೆ ತುಸು ಕಡಿಮೆ, ಎಣ್ಣೆ ಒಂದು ಲೀಟರ್, ಬೆಲ್ಲ ಅರ್ಧ ಕೆಜಿ ಚಿಲ್ಲರೆ. ಒಂದನೇ ತಾರೀಕು ಅಷ್ಟು ತಂದಿಟ್ಟು, ಮೂವತ್ತಕ್ಕೆ ಮೂರು ಕೆಜಿ ಹಿಟ್ಟು ಉಳಿದಿದ್ದರೆ ಸುಮಾರು 9,600 ಕ್ಯಾಲೊರಿ ತಪ್ಪಿದೆ, ಅಂದರೆ ದಿನಕ್ಕೆ 320. ಯಾವ ಹೊತ್ತಿನ ಊಟ ಹಾರಿಸಿದಿರಿ ಎಂಬುದು ಆಗ ತಾನಾಗಿ ನೆನಪಾಗುತ್ತದೆ.

ವಾರಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ಎರಡು ವಾರ ಸತತ ಇಳಿದರೆ 50 ಗ್ರಾಂ ಕಡಲೆಕಾಯಿ ಬೀಜ, ಅಂದರೆ 260 ಕ್ಯಾಲೊರಿ ಸೇರಿಸಿ, ಮತ್ತೆರಡು ವಾರ ಕಾಯಿರಿ. ಡಬ್ಬ ಖಾಲಿಯಾಗುತ್ತಿದ್ದೂ ತೂಕ ಇಳಿಯುತ್ತಲೇ ಇದ್ದರೆ ಅದು ಅಡುಗೆಮನೆಯ ಸಮಸ್ಯೆಯಲ್ಲ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣಿ. ಮಧುಮೇಹ ಇರುವವರು ಬೆಲ್ಲ ಬಿಟ್ಟು, ಮುದ್ದೆ ಚಿಕ್ಕದು ಮಾಡಿ, ಆ ಪಾಲನ್ನು ಬೀಜ ಮತ್ತು ಕಾಳಿಗೆ ಹಾಕಿಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಪಟ್ಟಿಯ ಕಾಳಿನ ಪ್ರಮಾಣ ಹೊಂದಲಿಕ್ಕಿಲ್ಲ, ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.